ಹರಿದ ತೆರೆಯ ಅಂಚು

ಶುಭ ಶುಕ್ರವಾರದ ದಿನ ಬಿಸಿಲು ನೆತ್ತಿಗೆ ಬರುವ ಮೊದಲೇ ಅಟ್ಟದ ಮೇಲಿನ ಮಡಕೆ ಕುಡಿಕೆಗಳನ್ನೆಲ್ಲ ಇಳಿಸಿ, ನೆಲದ ಮೇಲೆ ಹುಲ್ಲು ಹಾಸಿ ಇಡುವುದು ನಮ್ಮೂರಿನ ಪದ್ಧತಿ. ಕನ್ನಡಿ ಇದ್ದವರು ಅದನ್ನು ಹಾಸಿಗೆಯೊಳಗೆ ಸುತ್ತಿಡುತ್ತಾರೆ. ಕೋಳಿಗಳನ್ನು ಮಂಕರಿಯ ಕೆಳಗೆ ಕವುಚುತ್ತೇವೆ. ಬಾವಿಕಟ್ಟೆಯ ಮೇಲೆ ಕೊಡ ಬಿಟ್ಟು ಬರುವಂತಿಲ್ಲ. ಯಾಕೆಂದರೆ ಮಧ್ಯಾಹ್ನ ಗುಡಿಯಲ್ಲಿ ಪಾಡಿನ ಪಾಠ ಓದುತ್ತಾರೆ, ಓದಿದ್ದು ಓದಿದ ಹಾಗೆ ಊರಿನಲ್ಲಿ ಆಗುತ್ತದೆ. ಚರ್ಚನ್ನು ನಾವು ಗುಡಿ ಎಂದೇ ಕರೆಯುವುದು. ಯೇಸುಸ್ವಾಮಿಯನ್ನು ಹಿಡಿದು, ಹೊಡೆದು, ಶಿಲುಬೆಗೆ ಏರಿಸಿದ ಕಥೆಗೆ ಪಾಡಿನ ಪಾಠ ಎನ್ನುತ್ತೇವೆ.

ಶಿಷ್ಯ ಪೇತ್ರ ಮೂರನೆಯ ಸಲವೂ ಆ ಮನುಷ್ಯ ತನಗೆ ಗೊತ್ತಿಲ್ಲ ಎಂದು ಹೇಳುವ ಕಡೆ ಬಂದರೆ ಮಂಕರಿಯ ಕೆಳಗಿನ ಹುಂಜಗಳೆಲ್ಲ ಒಟ್ಟಿಗೆ ಕೂಗುತ್ತವೆ. ಪಾಠದಲ್ಲಿ ಕತ್ತಲು ಕವಿದರೆ ಹೊರಗೂ ಕತ್ತಲು. ದನಗಳು ತಾವಾಗಿಯೇ ಕೊಟ್ಟಿಗೆಯ ದಾರಿ ಹಿಡಿಯುತ್ತವೆ. ಬಸ್ಸಿನ ಡ್ರೈವರು ಊರ ಹೊರಗಿನ ಹುಣಸೆಮರದ ಕೆಳಗೆ ಬಸ್ಸು ನಿಲ್ಲಿಸಿ ಬೀಡಿ ಹಚ್ಚುತ್ತಾನೆ. ಹೊಸಬರು ಯಾರಾದರೂ ಗಾಬರಿಯಾಗಿ ಗ್ರಹಣವೇ ಎಂದು ಕೇಳಿದರೆ, “ಇಲ್ಲ, ಕುಂತ್ಕಳಿ. ಒಳಗೆ ಓದ್ತಾವ್ರೆ, ಇನ್ನೇನು ಮುಗೀತದೆ” ಎನ್ನುತ್ತಾನೆ. ಆಮೇಲೆ ನೆಲ ನಡುಗುತ್ತದೆ, ಬಂಡೆ ಸೀಳುತ್ತದೆ. ನಮ್ಮದು ಸುಣ್ಣದ ಬೀದಿ, ಸುಣ್ಣದ ಕಲ್ಲು ಸುಟ್ಟು ಬದುಕುವವರು ನಾವು. ಕಲ್ಲುಕುಳಿಯಲ್ಲಿ ಆ ಹೊತ್ತಿಗೆ ಸೀಳಿದ ಬಂಡೆಗಳನ್ನು ಸೋಮವಾರ ಹೊತ್ತು ತಂದು ಸುಣ್ಣ ಸುಡುವ ಗೂಡಿಗೆ ಹಾಕುತ್ತೇವೆ. ನಮ್ಮ ಸುತ್ತಿಗೆಗೆ ಸ್ವಾಮಿ ಒಂದು ದಿನ ರಜಾ ಕೊಟ್ಟ ಎಂದು ಗಂಡಸರು ನಗಾಡುವುದುಂಟು.

ಕತ್ತಲಿಗೂ ನಡುಕಕ್ಕೂ ನಡುವೆ ಒಂದು ಮಾತಿದೆ. ಸ್ವಾಮಿ ಪ್ರಾಣ ಬಿಟ್ಟ ಗಳಿಗೆಯಲ್ಲಿ ಯೆರೂಸಲೇಮಿನ ದೇವಾಲಯದ ತೆರೆ ಮೇಲಿನ ತುದಿಯಿಂದ ಕೆಳಗಿನ ತನಕ ಹರಿದು ಇಬ್ಭಾಗವಾದ ಮಾತು. ಆ ಮಾತಿಗೆ ನಮ್ಮ ಗುಡಿಯ ತೆರೆಯೂ ಹರಿಯುತ್ತಿತ್ತು.

ಗುಡಿಯ ನಡುಮಧ್ಯದಲ್ಲಿ, ಗೋಡೆಯಿಂದ ಗೋಡೆಗೆ ಕಬ್ಬಿಣದ ಸರಳು ಹಾಕಿ ಇಳಿಬಿಟ್ಟ ತೆರೆ ಅದು. ಬದನೆಕಾಯಿ ಬಣ್ಣ, ಜಮಖಾನದಷ್ಟು ದಪ್ಪ. ತೆರೆಯ ಆಚೆಗೆ ಪೀಠ, ದೀಪ, ಬೆಂಚುಗಳು, ಜ್ಞಾನಸ್ನಾನದ ಕಲ್ಲಿನ ತೊಟ್ಟಿ; ಅಲ್ಲಿ ಕೂರುವವರು ದೊಡ್ಡ ಬೀದಿಯವರು. ಈಚೆಗೆ ಬಾಗಿಲು, ಚಾಪೆ, ನಾವು. ಪೂಜೆಯಲ್ಲಿ ನಮಗೆ ಕಾಣುತ್ತಿದ್ದದ್ದು ಬಟ್ಟೆ, ಕೇಳುತ್ತಿದ್ದದ್ದು ದನಿ. ಪ್ರಸಾದ ಕೊಡುವಾಗ ಮಾತ್ರ, ನಾವು ಸ್ವಾಮಿಗಳು ಎಂದು ಕರೆಯುವ ಪಾದ್ರಿಗಳು ತೆರೆ ಎತ್ತಿ ಈಚೆ ಬರುತ್ತಿದ್ದರು. ಮೊದಲು ಅವರ ಕಾಲು ಕಾಣುತ್ತಿತ್ತು, ಆಮೇಲೆ ಅವರು. ನಮ್ಮ ಮಕ್ಕಳ ಜ್ಞಾನಸ್ನಾನಕ್ಕೆ ತೊಟ್ಟಿಯ ನೀರನ್ನು ಚೊಂಬಿನಲ್ಲಿ ತಂದು ಬಾಗಿಲ ಬಳಿ ಹೊಯ್ಯುತ್ತಿದ್ದರು. ನಾನು, ನನ್ನ ಗಂಡ, ನನ್ನ ಮಗ ಚೌರಿ, ಎಲ್ಲರೂ ಚೊಂಬಿನ ನೀರಿನವರೇ.

ಶುಕ್ರವಾರ ತೆರೆ ಹರಿದ ಕೂಡಲೇ ಎಲ್ಲರೂ ಹಣೆಯನ್ನು ನೆಲಕ್ಕೆ ಹಚ್ಚಿ, ಎದ್ದು, ತಲೆ ಎತ್ತದೆ ಹೊರಗೆ ನಡೆಯಬೇಕು. ಹರಿದ ಕಡೆ ಇಣುಕಿ ನೋಡುವುದು ಕೇಡು ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದೆವು. ಶನಿವಾರ ಗುಡಿಯ ಬಾಗಿಲು ನನ್ನೊಬ್ಬಳಿಗೇ ತೆರೆಯುತ್ತಿತ್ತು. ನಾನು ಕೂತು ಹೊಲಿಯುತ್ತಿದ್ದೆ. ಭಾನುವಾರ, ಸ್ವಾಮಿ ಸಮಾಧಿಯಿಂದ ಎದ್ದು ಬಂದ ಪಾಸ್ಕ ಹಬ್ಬದ ಗಂಟೆ ಹೊಡೆಯುವಾಗ ತೆರೆ ಮತ್ತೆ ಒಂದೇ ಆಗಿ ತೂಗುತ್ತಿತ್ತು. ಮಾರನೆಯ ವರ್ಷ ನನ್ನ ಹೊಲಿಗೆಯನ್ನು ಮುಟ್ಟದೆ ಅದರ ಪಕ್ಕದಲ್ಲೇ ಹೊಸದಾಗಿ ಹರಿಯುತ್ತಿತ್ತು. ಪ್ರತಿ ಹೊಲಿಗೆಗೂ ಅರ್ಧ ಬೆರಳು ಬಟ್ಟೆ ಒಳಕ್ಕೆ ಹೋಗಿ ಹೋಗಿ ತೆರೆ ಕಿರಿದಾಗುತ್ತಿತ್ತು. ಆಗ ಗೋಡೆಯ ಕಡೆಗೆ ಒಂದೊಂದು ಪಟ್ಟಿ ಕೂಡಿಸುತ್ತಿದ್ದೆ. ಅದರಲ್ಲಿ ನೇಯ್ದ ಬಟ್ಟೆಗಿಂತ ನನ್ನ ನೂಲೇ ಹೆಚ್ಚು ಎಂದು ಒಮ್ಮೊಮ್ಮೆ ಅನಿಸುತ್ತಿತ್ತು.

ಈ ಕೆಲಸ ನನಗೆ ಅತ್ತೆಯಿಂದ ಬಂದದ್ದು. ಅತ್ತೆ ಜ್ಞಾನಮ್ಮ ಸೂಜಿ ಕೈಗೆ ಕೊಡುವಾಗ ಒಂದು ಕಥೆ ಹೇಳಿದ್ದರು. ಮಗನನ್ನು ಕಲ್ಲಿನ ಗವಿಯಲ್ಲಿಟ್ಟು ಬಂದ ಮರಿಯಮ್ಮನಿಗೆ ಶನಿವಾರ ಕೈಗೆ ಕೆಲಸವಿರಲಿಲ್ಲವಂತೆ. ಅಡುಗೆ ಮಾಡಿದರೆ ಉಣ್ಣುವವರಿಲ್ಲ, ನೀರು ತಂದರೆ ಕುಡಿಯುವವರಿಲ್ಲ. ಎದ್ದು ದೇವಾಲಯಕ್ಕೆ ಹೋಗಿ, ಹರಿದ ತೆರೆಯನ್ನು ಮಡಿಲಿಗೆ ಹಾಕಿಕೊಂಡು, ಸಂಜೆತನಕ ಹೊಲಿದಳಂತೆ. ತಾಯಿ ಕೊನೆಯ ಗಂಟು ಹಾಕಿದ್ದೇ ತಡ, ಅಲ್ಲಿ ಗವಿಯಲ್ಲಿ ಮಗ ಕಣ್ಣು ಬಿಟ್ಟನಂತೆ. “ಇದು ಅಮ್ಮನ ಕೆಲ್ಸ ಕಣೇ. ನಮ್ಮನೆಗೆ ಒಲಿದು ಬಂದದೆ” ಎಂದಿದ್ದರು ಅತ್ತೆ. ಸುಣ್ಣದ ಬೀದಿಯಲ್ಲಿ ಆ ಕಥೆ ಗೊತ್ತಿಲ್ಲದವರು ಯಾರೂ ಇಲ್ಲ. ನಾವೆಲ್ಲ ಅದನ್ನು ಪಾಠದ್ದೇ ಒಂದು ಭಾಗ ಎಂದುಕೊಂಡಿದ್ದೆವು. ಶುಕ್ರವಾರದ ಓದು ಸಮಾಧಿಗೆ ಕಲ್ಲು ಮುಚ್ಚುವಲ್ಲಿಗೆ ನಿಲ್ಲುತ್ತದೆ. ಹೊಲಿದ ಸುದ್ದಿ ಅದರ ಮುಂದಿನ ಹಾಳೆಯಲ್ಲಿರುತ್ತದೆ ಎಂಬ ನಂಬಿಕೆ.

ನಾನು ಓದು ಕಲಿತದ್ದು ತಲೆಯೆಲ್ಲ ಬೆಳ್ಳಗಾದ ಮೇಲೆ. ನಮ್ಮ ಬೀದಿಯ ಚಾವಡಿಯಲ್ಲಿ ರಾತ್ರಿ ಶಾಲೆ ಶುರುವಾದಾಗ, ಗೂಡಿನ ಕೆಲಸದಿಂದ ಬಂದ ಹೆಂಗಸರು ಬೂದಿ ಮೈಯಲ್ಲೇ ಹೋಗಿ ಕೂರುತ್ತಿದ್ದರು. ಹೇಳಿಕೊಡುತ್ತಿದ್ದವಳು ಫಿಲೋಮಿನ ಟೀಚರು, ನನಗೆ ಮೊಮ್ಮಗಳಾಗಬಹುದಾದ ವಯಸ್ಸಿನವಳು. ಪಕ್ಕದ ಮನೆಯ ಲೂರ್ದಮ್ಮ ದಿನಾ ಕಿಚಾಯಿಸುತ್ತಿದ್ದಳು. “ಮಾಲವ್ವ, ಈಗ ಕಲ್ತು ಯಾವ ಕಚೇರಿಗೆ ಹೋದೀಯೆ? ಸತ್ಮೇಲೆ ಸ್ವರ್ಗದ ಬೋರ್ಡ್ ಓದಾಕಾ?” ನಾನು, “ಹೂಂ ಕಣೇ, ನೀನು ತಪ್ಪಿ ಪಕ್ಕದ ಬಾಗಿಲಿಗೆ ಹೋದಾಗ ಕೂಗಿ ಕರೀಬೇಕಲ್ಲ” ಎನ್ನುತ್ತಿದ್ದೆ. ಒತ್ತಕ್ಷರಗಳು ನನ್ನನ್ನು ಬಹಳ ಗೋಳು ಹುಯ್ದುಕೊಂಡವು. ಆದರೆ ಹೊಲಿಗೆಯವಳಿಗೆ ತಾಳ್ಮೆ ಹೇಳಿಕೊಡಬೇಕಾಗಿಲ್ಲ. ಬಸ್ಸಿನ ಬೋರ್ಡು ಓದಿದೆ. ಸೋಪಿನ ಕಾಗದ ಓದಿದೆ. ಆ ವರ್ಷ ಪಾಸ್ಕಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾದಾಗ ಟೀಚರು, ಮನೆಯಲ್ಲಿ ಇರುವ ಯಾವುದಾದರೂ ಪುಸ್ತಕ ತಂದು ಗಟ್ಟಿಯಾಗಿ ಓದಿ ಎಂದಳು. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ, ಮಾವನ ಕಾಲದ ಸುವಾರ್ತೆ ಪುಸ್ತಕ, ಸ್ವಾಮಿಯ ಕಥೆಯನ್ನು ನಾಲ್ವರು ಬರೆದಿಟ್ಟದ್ದು.

ನಾನು ಪಾಡಿನ ಪಾಠವನ್ನೇ ತೆಗೆದೆ. ಅಕ್ಷರ ಅಕ್ಷರ ಹಿಡಿದು, ಎಡವಿ, ತೆರೆ ಹರಿಯುವಲ್ಲಿಗೆ ಬಂದೆ. ನೆಲ ನಡುಗಿತು, ಬಂಡೆ ಸೀಳಿತು, ಓದಿಕೊಂಡು ಹೋದೆ. ಸಮಾಧಿ ಆಯಿತು, ಕಲ್ಲು ಮುಚ್ಚಿದರು. ಇನ್ನು ಬರುತ್ತದೆ ಎಂದು ಹಾಳೆ ತಿರುವಿದೆ. ಅಲ್ಲಿ ಕಾವಲುಗಾರರಿದ್ದರು. ಅದರಾಚೆಗೆ ಭಾನುವಾರ ಬೆಳಗಾಗಿಯೇ ಹೋಗಿತ್ತು. ಹಿಂದಕ್ಕೆ ತಿರುವಿದೆ, ಮುಂದಕ್ಕೆ ತಿರುವಿದೆ, ಎರಡು ಹಾಳೆ ಅಂಟಿಕೊಂಡಿರಬಹುದೆಂದು ಉಗುರಿನಿಂದ ಕೆರೆದು ನೋಡಿದೆ.

“ಏನ್ ಹುಡುಕ್ತಿದ್ದೀರಿ ಅಜ್ಜಿ?” ಎಂದಳು ಟೀಚರು.

“ಅಮ್ಮ ತೆರೆ ಹೊಲಿದದ್ದು ಎಲ್ಲದೆ? ಹಾಳೆ ಕಳ್ದೋಗದೆ ಕಣವ್ವ.”

ಅವಳು ಪುಸ್ತಕ ತೆಗೆದುಕೊಂಡು ನೋಡಿದಳು. “ಹಾಳೆ ಎಲ್ಲ ಇದಾವೆ ಅಜ್ಜಿ. ಅದು ಹರೀತು. ಅಷ್ಟೇ.”

“ಆಮೇಲೆ?”

“ಆಮೇಲೆ ಏನೂ ಇಲ್ಲ. ಹಂಗೇ ಬಿಟ್ರು.”

ಉಳಿದ ಮೂರು ಸುವಾರ್ತೆಗಳಲ್ಲಿಯೂ ಹುಡುಕಿದೆ. ಅದಕ್ಕೆ ನನಗೆ ಎಷ್ಟೋ ಸಂಜೆಗಳು ಬೇಕಾದವು. ಎಲ್ಲಿಯೂ ಯಾರೂ ಸೂಜಿ ಹಿಡಿದಿರಲಿಲ್ಲ. ಹುಡುಕಿ ಮುಗಿಸಿದ ದಿನ ಅಂಗಳದಲ್ಲಿ ಕೂತು ಯೋಚಿಸಿದೆ. ಸಾವಾದ ಮನೆಯಲ್ಲಿ ಸೂಜಿ ಹಿಡಿಯುವುದು ನಮ್ಮಲ್ಲೂ ಇಲ್ಲ. ನನ್ನ ಗಂಡ ಹೋದಾಗ ಹರಿದ ರವಿಕೆಗೆ ಪಿನ್ನು ಹಾಕಿಕೊಂಡು ಓಡಾಡಿದೆ. ಹೆತ್ತ ಮಗನನ್ನು ಹಾಗೆ ಕಳೆದುಕೊಂಡ ತಾಯಿ ಮಾರನೆಯ ದಿನವೇ ಹೊಲಿಗೆಗೆ ಕೂತಿದ್ದಳೆ? ಅತ್ತೆ ಸುಳ್ಳು ಹೇಳುವವರಲ್ಲ, ಅವರಿಗೆ ಅವರ ಅತ್ತೆ ಹೇಳಿದ್ದು. ಮೊದಲು ಹೇಳಿದವರು ಯಾರೋ, ಯಾವ ಬೀದಿಯವರೋ. ದೇವರು ಹರಿದದ್ದನ್ನು ಹೊಲಿ ಎಂದು ದೇವರು ಹೇಳಿರಲಿಲ್ಲ, ಅದಷ್ಟೇ ನನಗೆ ಸ್ಪಷ್ಟವಾದದ್ದು. ಈ ಸಲ ಸೇರಿಸುವುದಿಲ್ಲ ಎಂದು ಅಲ್ಲೇ ತೀರ್ಮಾನ ಮಾಡಿದೆ. ಮಾಡಿದ ಮೇಲೆ ಒಲೆ ಹಚ್ಚಿ ಅನ್ನಕ್ಕಿಟ್ಟೆ.

ಪಾಸ್ಕಕ್ಕೆ ಒಂದು ವಾರ ಮೊದಲಿನ ಗರಿಗಳ ಭಾನುವಾರ, ಗರಿ ಹಂಚಿ ಮುಗಿದ ಮೇಲೆ, ಸ್ವಾಮಿಗಳಿಗೆ ವಿಷಯ ಹೇಳಿದೆ. ಬಲವೇಂದ್ರ ಸ್ವಾಮಿಗಳು ಆಗಿನ್ನೂ ಹೊಸಬರು, ಚಿಕ್ಕ ವಯಸ್ಸು. ಕೆಟ್ಟವರಲ್ಲ, ಹೆದರುವವರು. ಗುಡಿಯ ಹಿರೀಕ ಇನ್ನಾಸಪ್ಪನವರ ಮನೆಯಿಂದ ಅವರಿಗೆ ಊಟ ಬರುತ್ತಿತ್ತು.

“ಹೊಲಿದ ಕಥೆ ಪುಸ್ತಕದಲ್ಲಿ ಇಲ್ಲ ಸ್ವಾಮಿ” ಎಂದೆ.

“ನನಗೆ ಗೊತ್ತಮ್ಮ” ಎಂದರು, ಕೈಯಲ್ಲಿದ್ದ ಗರಿಯನ್ನು ಮಡಚುತ್ತಾ. “ಬಂದ ವಾರವೇ ಇನ್ನಾಸಪ್ಪನವರ ಹತ್ತಿರ ಮಾತಾಡಿದೆ. ‘ನಿಮಗಿಂತ ಮುಂಚೆ ಬಂದ ಸ್ವಾಮಿಗಳೂ ಕೇಳಿದ್ರು, ಅವರೀಗ ಎಲ್ಲಿದಾರೆ ವಿಚಾರಿಸಿ’ ಅಂದ್ರು.”

“ನೀವು ಏನೂ ಮಾಡ್ಬ್ಯಾಡಿ ಸ್ವಾಮಿ. ನಾನು ಹೊಲಿಯಾಕಿಲ್ಲ ಅಂತ ಹೇಳಾಕೆ ಬಂದೆ, ಅಷ್ಟೇಯ. ಹೇಳ್ದೆ ಕೇಳ್ದೆ ಕೈ ಎತ್ತುದ್ಲು ಅನ್ನಬಾರ್ದು.”

ಮನೆಯಲ್ಲಿ ಹೇಳುವುದು ಅಷ್ಟು ಸುಲಭವಾಗಲಿಲ್ಲ. ಸೊಸೆ ಸಗಾಯಿಗೆ ತಪಸ್ಸುಕಾಲದಲ್ಲೇ ಹೆಣ್ಣು ಮಗು ಹುಟ್ಟಿತ್ತು. ಪಾಸ್ಕ ಹಬ್ಬದ ದಿನ ಜ್ಞಾನಸ್ನಾನ ಎಂದು ನಿಶ್ಚಯವಾಗಿತ್ತು. ಅದಕ್ಕಿಂತ ಮೊದಲಿನ ಗಂಡುಮಗು ಹುಟ್ಟಿದ ದಿನವೇ, ತಲೆಯ ಮೇಲೆ ನೀರು ಬೀಳುವ ಮೊದಲೇ ಹೋಗಿಬಿಟ್ಟಿತ್ತು. ಜ್ಞಾನಸ್ನಾನವಾಗದ ಮಗು ಎಂದು ಅದಕ್ಕೆ ಸಮಾಧಿ ತೋಟದೊಳಗೆ ಜಾಗ ಕೊಡಲಿಲ್ಲ. ಬೇಲಿಯಾಚೆ ಮಣ್ಣು ಮಾಡಿ ಬಂದಿದ್ದೆವು. ಅವತ್ತಿನಿಂದ ಸಗಾಯಿ ಬೇಲಿಯ ಪಕ್ಕದ ದಾರಿಯಲ್ಲಿ ನಡೆದವಳಲ್ಲ, ಸುತ್ತಿಕೊಂಡು ಹೋಗುತ್ತಾಳೆ.

“ಅತ್ತೆ, ನೀವು ಹೊಲೀದೆ ಇದ್ರೆ ತೆರೆ ಇರಾಕಿಲ್ಲ. ತೆರೆ ಇಲ್ದಿದ್ರೆ ಇನ್ನಾಸಪ್ಪನೋರು ಗಂಟೆ ಹೊಡ್ಸಾಕಿಲ್ಲ, ಜ್ಞಾನಸ್ನಾನಾನೂ ಆಗಾಕಿಲ್ಲ” ಎಂದಳು. ಮಗು ಅವಳ ಮಡಿಲಲ್ಲಿ ಮುಷ್ಟಿ ಹಿಡಿದು ಮಲಗಿತ್ತು. “ನಿಮ್ಮ ಹಟಕ್ಕೆ ಇದೂ ಬೇಲಿಯಾಚೆಗೆ ಹೋಗ್ಬೇಕಾ?”

ಚೌರಿ ಬಾಯಿ ಬಿಡುವವನಲ್ಲ, ಚಪ್ಪಲಿ ಮೆಟ್ಟಿಕೊಂಡು ಗೂಡಿನ ಕಡೆ ಹೊರಟುಹೋದ. ವಾರವೆಲ್ಲ ಸಗಾಯಿ ನನ್ನ ತಟ್ಟೆಗೆ ಅನ್ನ ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ.

ಶುಕ್ರವಾರ ಬಂತು. ಮಡಕೆ ಇಳಿಸಿದೆವು, ಕೋಳಿ ಕವುಚಿದೆವು. ಹುಂಜ ಕೂಗಿತು, ಕತ್ತಲಾಯಿತು. ತೆರೆಯ ಮಾತು ಬರುವ ಮುಂಚೆ ಸ್ವಾಮಿಗಳ ದನಿ ಒಂದು ಉಸಿರಿನಷ್ಟು ನಿಂತಿತು. ಆಮೇಲೆ ಓದಿದರು. ಮೇಲಿನ ಸರಳಿನ ಹತ್ತಿರ ಒಂದು ಸಣ್ಣ ಶಬ್ದ ಹುಟ್ಟಿ, ದಪ್ಪ ಬಟ್ಟೆ ಹರಿಯುವ ಆ ಶಬ್ದ ನಿಧಾನವಾಗಿ ನಮ್ಮ ತಲೆಯ ಮೇಲಿಂದ ಭುಜಕ್ಕೆ, ಭುಜದಿಂದ ಮಂಡಿಗೆ ಇಳಿಯಿತು. ನೆಲ ನಡುಗುವಾಗ ಎಲ್ಲರ ಹಾಗೆ ನಾನೂ ಹಣೆ ಹಚ್ಚಿದೆ. ಮನಸ್ಸು ಮಾತ್ರ ಅಲುಗಾಡಲಿಲ್ಲ.

ಶನಿವಾರ ಬೆಳಿಗ್ಗೆ ಗುಡಿಗೆ ಹೋದೆ. ಹೋಗದೆ ಮನೆಯಲ್ಲಿ ಕೂತರೆ ಹುಷಾರಿಲ್ಲದವಳು ಎಂದುಕೊಳ್ಳುತ್ತಾರೆ. ಇನ್ನಾಸಪ್ಪನವರು ಮೊದಲೇ ಬಂದು ಕಂಬಕ್ಕೆ ಒರಗಿ ನಿಂತಿದ್ದರು. ಎತ್ತರದ ಆಳು, ಬಿಳಿ ಮೀಸೆ, ಜೇಬಿನಲ್ಲಿ ಪ್ರತಿ ವರ್ಷದ ಹಾಗೆ ಹೊಸ ನೂಲಿನ ಉಂಡೆ. ಆ ನೂಲನ್ನು ಅವರೇ ಆರಿಸಿ ತರುತ್ತಿದ್ದರು, ಆಳಿನ ಕೈಗೆ ಕೊಡುತ್ತಿರಲಿಲ್ಲ.

“ತಕ್ಕೊ ಮಾಲಿ. ಗಟ್ಟಿ ನೂಲು, ಬಣ್ಣಾನೂ ಕೂಡ್ಕೊಂಡದೆ.”

“ಬುದ್ಧಿ, ಈ ಸಲ ನಾನು ಸೇರ್ಸಾಕಿಲ್ಲ.”

ಅವರು ನಕ್ಕರು. “ಕಣ್ಣು ಕಾಣಲ್ವಾ? ಸೂಜಿಗೆ ದಾರ ಪೋಣ್ಸಿ ಕೊಡಾಕೆ ಯಾರನ್ನಾರ ಕಳಿಸ್ತೀನಿ ಬುಡು.”

“ಕಣ್ಣು ಕಾಣ್ತದೆ ಬುದ್ಧಿ. ಓದಾಕೂ ಕಾಣ್ತದೆ. ಹೊಲಿದೋರು ಯಾರೂ ಇಲ್ಲ ಅಲ್ಲಿ. ಅಮ್ಮಾನೂ ಹೊಲಿದಿಲ್ಲ.”

ನಗು ನಿಂತಿತು. ಅವರು ಕೂಗಾಡುವ ಮನುಷ್ಯನಲ್ಲ. “ನೋಡು ಮಾಲಿ, ನಾನು ಹಾಕ್ಸಿದ ತೆರೆ ಅಲ್ಲ ಇದು. ನಮ್ಮ ಹಿರೀಕರು ಹಾಕುದ್ರು, ನಿಮ್ಮ ಹಿರೀಕರು ಒಪ್ಪುದ್ರು. ವರ್ಷಾವರ್ಷ ಹರೀತದೆ, ವರ್ಷಾವರ್ಷ ಕೂಡ್ತದೆ. ಹಂಗೇ ಊರು ನಡ್ಕಂಡು ಬಂದದೆ. ನಿನ್ ಒಬ್ಬಳಿಗೆ ಓದಾಕೆ ಬಂತು ಅಂತ ಊರು ನಿಲ್ತದಾ?”

“ನಿಲ್ಲಾಕಿಲ್ಲ ಬುದ್ಧಿ. ನಡೀಲಿ. ನಾನು ಹೊಲಿಯಾಕಿಲ್ಲ, ಅಷ್ಟೇಯ.”

ಅವರು ಇನ್ನೊಂದು ಮಾತಾಡದೆ ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಇಬ್ಬರು ಆಳುಗಳು ದೊಡ್ಡ ಬೀದಿಯ ದರ್ಜಿಯ ಹೊಲಿಗೆ ಮಿಷನ್ನು ಹೊತ್ತು ತಂದು ಇಳಿಸಿದರು, ಹಿಂದೆಯೇ ದರ್ಜಿ ಬಂದ. ತೆರೆಯನ್ನು ಸರಳಿನಿಂದ ಇಳಿಸಿ, ಎರಡು ಅಂಚನ್ನು ಜೋಡಿಸಿ, ಕಾಲು ಹಾಕಿ ತುಳಿದ. ನಮ್ಮ ಮನೆಯವರಲ್ಲದೆ ಬೇರೆಯವರು ಆ ತೆರೆಯನ್ನು ಹೊಲಿಯುವುದನ್ನು ನಾನು ನೋಡಿದ್ದು ಅದೇ ಮೊದಲು. ಗಡಗಡ ಎಂದು ಚೆನ್ನಾಗಿಯೇ ಹೊಲಿಯುತ್ತಾ ಹೋದ. ಅರ್ಧಕ್ಕೆ ಬಂದಾಗ ಆಳೊಬ್ಬ, “ಅಣ್ಣ, ಹಿಂದೆ ನೋಡಣ್ಣ” ಎಂದ. ಮಿಷನ್ನಿನ ಮುಂದೆ ಬಟ್ಟೆ ಕೂಡುತ್ತಾ ಹೋದ ಹಾಗೆ ಹಿಂದೆ ಬಿಚ್ಚಿಕೊಳ್ಳುತ್ತಾ ಬಂದಿತ್ತು. ನೂಲು ಹರಿದಿರಲಿಲ್ಲ, ಎರೆಹುಳದ ಹಾಗೆ ಸುಮ್ಮನೆ ಜಾರಿ ನೆಲದ ಮೇಲೆ ಬಿದ್ದಿತ್ತು. ದರ್ಜಿ ಮತ್ತೊಮ್ಮೆ ಹೊಲಿದ, ಮತ್ತೊಮ್ಮೆ ಜಾರಿತು. ಅವನು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು, “ನನ್ ಮಿಷನ್ ಹೊರಕ್ಕೆ ತಕ್ಕೊಂಡೋಗ್ರಪ್ಪೋ” ಎಂದು ಎದ್ದುಬಿಟ್ಟ.

ಇನ್ನಾಸಪ್ಪನವರು ಆಳುಗಳ ಕೈಯಲ್ಲಿ ತೆರೆಯನ್ನು ಮತ್ತೆ ಸರಳಿಗೆ ಹಾಕಿಸಿದರು. ಆಮೇಲೆ ಬಾಗಿಲಿಗೆ ಹೋಗಿ ಹೊರಗೆ ನೆರೆದಿದ್ದ ನಮ್ಮ ಬೀದಿಯವರಿಗೆ ಕೇಳುವ ಹಾಗೆ ಹೇಳಿದರು. “ತೆರೆ ಇಲ್ದೆ ಗಂಟೆ ಇಲ್ಲ. ಗಂಟೆ ಇಲ್ದೆ ಪಾಸ್ಕ ಇಲ್ಲ. ನಲವತ್ತು ದಿನ ಉಪಾಸ ಇದ್ದೋರು ಹಂಗೇ ಇರಿ. ನಾಳೆ ಜ್ಞಾನಸ್ನಾನಾನೂ ಇಲ್ಲ. ಮಾಲಿ ಒಲ್ಲೆ ಅಂದ್ರೆ ನಿಮ್ಮ ಬೀದಿಯೋರು ಬೇರೆ ಯಾರಾದ್ರೂ ಸರಿ, ಬಂದು ಹೊಲೀರಿ.”

ಹೊರಗೆ ಗುಜುಗುಜು ಎದ್ದಿತು. ಲೂರ್ದಮ್ಮನ ದನಿ ಎಲ್ಲರಿಗಿಂತ ಮೇಲೆ. “ಮಾಂಸಕ್ಕೆ ಮಸಾಲೆ ಅರೆದಿಟ್ಟಿವ್ನಿ ಕಣೇ ಮಾಲವ್ವ! ನಿನ್ ಓದು ನನ್ ಒರಳಿಗೆ ಬಂದು ಕುಂತ್ಕತಲ್ಲೇ!” ಒಂದಿಬ್ಬರು ನಕ್ಕರು, ಮಿಕ್ಕವರು ನಗಲಿಲ್ಲ. ಹಬ್ಬಕ್ಕಾಗಿ ಬಾಯಿ ಕಟ್ಟಿಕೊಂಡಿದ್ದ ಜನ. ನನ್ನನ್ನು ನೋಡಿದ ಕಣ್ಣುಗಳಲ್ಲಿ ಪ್ರೀತಿಯೇನೂ ಇರಲಿಲ್ಲ.

ಆಗ ಸಗಾಯಿ ಮಗುವನ್ನು ಎತ್ತಿಕೊಂಡು ಗುಂಪು ಸೀಳಿ ಒಳಗೆ ಬಂದಳು. “ನಾನು ಹೊಲೀತೀನಿ” ಎಂದಳು.

ಅವಳು ನನ್ನ ಮುಂದೆ ನಿಂತು ಕೈ ಚಾಚಿದಳು. ಸೂಜಿ ನನ್ನ ಸೆರಗಿನಲ್ಲಿತ್ತು. ಕೊಡುವುದಿಲ್ಲ ಎನ್ನಬಹುದಿತ್ತು. ಆದರೆ ನಾನು ಹೊಲಿಯುವುದಿಲ್ಲ ಎಂದು ಹೇಳಿದ್ದೆ; ಇನ್ನೊಬ್ಬರ ಕೈ ಹಿಡಿಯುತ್ತೇನೆ ಎಂದು ಹೇಳಿರಲಿಲ್ಲ. ಬೇಲಿಯಾಚೆ ಮಲಗಿದ್ದು ಅವಳ ಮಗು. ಸೂಜಿ ಕೊಟ್ಟೆ, ಅವಳು ಮಗುವನ್ನು ನನ್ನ ಕೈಗೆ ಕೊಟ್ಟಳು. ವಾರದಲ್ಲಿ ಮೊದಲ ಸಲ ನನ್ನ ಮುಖ ನೋಡಿದಳು.

ಸಗಾಯಿ ಕೆಳಗಿನ ತುದಿಯಿಂದ ಶುರು ಮಾಡಿದಳು. ಒಂದು ಗೇಣು ಹೊಲಿದಳು. ನಿಂತಿತು. ಜಗ್ಗಿ ನೋಡಿದಳು, ಅಲುಗಲಿಲ್ಲ. ಇನ್ನಾಸಪ್ಪನವರು ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. ಹೊರಗಿನವರೂ ಬಾಗಿಲಲ್ಲಿ ತುಂಬಿಕೊಂಡು ನೋಡುತ್ತಿದ್ದರು. ಮಿಷನ್ನಿನ ಹೊಲಿಗೆ ನಿಲ್ಲದ ಬಟ್ಟೆಯಲ್ಲಿ, ಬಾಣಂತಿಯ ಕೈಯ ಹೊಲಿಗೆ ನಿಂತಿತ್ತು.

“ಅಂದ್ರೆ ನಮ್ ಕೈಲೇ ಆಗ್ಬೇಕಾ ಇದು?” ಎಂದಳು ಲೂರ್ದಮ್ಮ, ಯಾರಿಗೆ ಎಂದಲ್ಲದೆ. ಒರಳಿನ ಮಾತು ಅವಳಿಗೆ ಮರೆತೇಹೋಗಿತ್ತು. “ಅವ್ರು ಮುಚ್ಕಳಾಕೆ ಆಗಾಕಿಲ್ಲ, ನಾವೇ ಮುಚ್ಕಬೇಕಾ?”

ಸಗಾಯಿ ಎರಡನೆಯ ಗೇಣಿಗೆ ಸೂಜಿ ಎತ್ತಿದಳು. ಸರಿಯಾಗಿ ಹಿಡಿದುಕೊಳ್ಳಲು ಅವಳು ಹರುಕಿನ ಎದುರಿಗೇ ಮಂಡಿಯೂರಬೇಕಾಯಿತು. ಮುಖ ಆ ಸಂದಿಗೆ ನೇರವಾಯಿತು. ಸೂಜಿ ಹಾಗೇ ನಿಂತಿತು.

“ಅತ್ತೆ.”

“ಏನವ್ವ?”

“ಅಲ್ಲಿ ಕಲ್ಲಿಂದು ಕಾಣ್ತದಲ್ಲ, ಅದೇನಾ ತೊಟ್ಟಿ?”

“ಅದೇಯ.”

ಅವಳು ನೋಡುತ್ತಲೇ ಇದ್ದಳು. ಕಿಟಕಿಯ ಬಿಸಿಲು ತೊಟ್ಟಿಯ ಅಂಚಿನ ಮೇಲೆ ಬಿದ್ದಿತ್ತು. ಅದೇನೂ ದೊಡ್ಡದಲ್ಲ, ನಮ್ಮ ಮನೆಯ ದನದ ಬಾನಿಯಷ್ಟೇ.

“ಇಷ್ಟ್ ಹತ್ರ ಇತ್ತಾ?” ಎಂದಳು.

ಕೈ ಚಾಚಿದಳು. ಬೆರಳ ತುದಿಯ ಸೂಜಿ ಬಿಸಿಲಿಗೆ ಹೊಳೆಯಿತು. ಅಲ್ಲಿಂದ ತೊಟ್ಟಿಗೆ ಎದ್ದು ನಡೆದರೆ ನಾಲ್ಕು ಹೆಜ್ಜೆಯೂ ಆಗುತ್ತಿರಲಿಲ್ಲ. ಅವಳ ಗಂಡುಮಗು ಹುಟ್ಟಿದ ದಿನ ಚೌರಿ ಅದನ್ನು ಟವಲಿನಲ್ಲಿ ಸುತ್ತಿಕೊಂಡು ಓಡಿ ಬಂದು ಇದೇ ಚಾಪೆಯ ಮೇಲೆ ನಿಂತಿದ್ದ. ಚೊಂಬು ಸಿಕ್ಕಿ, ಯಾರೋ ತೆರೆ ಎತ್ತಿ, ನೀರು ಈಚೆ ಬರುವಷ್ಟರಲ್ಲಿ ಉಸಿರು ಮುಗಿದಿತ್ತು. ಚೌರಿ ಬಾಗಿಲಲ್ಲಿ ನಿಂತಿದ್ದವನು ಗೋಡೆಯ ಕಡೆ ತಿರುಗಿಕೊಂಡ.

ಸಗಾಯಿ ತಾನು ಹೊಲಿದ ಗೇಣನ್ನು ಹಲ್ಲಿನಿಂದ ಕಚ್ಚಿ ನೂಲು ಎಳೆದಳು. ಎಳೆ ಎಳೆಯಾಗಿ ಎಲ್ಲವನ್ನೂ ಬಿಚ್ಚಿದಳು. ಎದ್ದು ಬಂದು ಸೂಜಿಯನ್ನು ನನ್ನ ಸೆರಗಿಗೆ ಚುಚ್ಚಿ, ಮಗುವನ್ನು ತೆಗೆದುಕೊಂಡಳು.

“ಇನ್ಯಾರಾದ್ರೂ ಇದೀರಾ?” ಎಂದು ಇನ್ನಾಸಪ್ಪನವರು ಬಾಗಿಲ ಕಡೆ ತಿರುಗಿ ಕೇಳಿದರು. ದನಿಯಲ್ಲಿ ಬಲವಿರಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಸೆರಗು ಸರಿಮಾಡಿಕೊಂಡರು, ಯಾರೂ ಮುಂದೆ ಬರಲಿಲ್ಲ.

ಆಗ ನಾನು ಅವರ ಕೈಯಲ್ಲಿದ್ದ ನೂಲಿನ ಉಂಡೆ ಕೇಳಿದೆ. ಅವರು ನಾನು ಮನಸ್ಸು ಬದಲಾಯಿಸಿದೆ ಎಂದುಕೊಂಡಿರಬೇಕು, ತಟಕ್ಕನೆ ಕೊಟ್ಟರು.

“ಸುಳ್ಳು ಹೇಳಾಕಿಲ್ಲ ಬುದ್ಧಿ, ಈಗ್ಲೇ ಹೇಳ್ಬುಡ್ತೀನಿ” ಎಂದೆ. “ಸೇರ್ಸಾಕಲ್ಲ ಇದು. ಹಂಗೇ ಬುಟ್ರೆ ಎಳೆ ಬಿಚ್ಕಂಡು ಬಟ್ಟೆ ಹಾಳಾಯ್ತದೆ. ಈ ಕಡೆ ಅಂಚು ಒಂದು, ಆ ಕಡೆ ಅಂಚು ಒಂದು, ಮಡಚಿ ಎಮ್ಮಿಂಗ್ ಹಾಕ್ತೀನಿ. ಎಲ್ಡು ತೆರೆ ಆಯ್ತದೆ. ನಡುವೆ ದಾರಿ.”

ಪೀಠದ ಪಕ್ಕದ ಬಾಗಿಲಲ್ಲಿ ಸ್ವಾಮಿಗಳು ಬಂದು ನಿಂತಿದ್ದರು. ಎಷ್ಟು ಹೊತ್ತಿನಿಂದ ಇದ್ದರೋ. ಇನ್ನಾಸಪ್ಪನವರು ಅವರ ಕಡೆ ತಿರುಗಿದರು. “ಸ್ವಾಮಿಗಳೇ, ನೀವೇ ಒಂದು ಮಾತು ಹೇಳಿ.”

ಸ್ವಾಮಿಗಳು ನನ್ನನ್ನು ನೋಡಿದರು. “ಅಮ್ಮ, ಸಂಜೆಗೆ ಮುಗಿಯುತ್ತಾ?” ಎಂದರು.

“ಒಬ್ಳೇ ಆದ್ರೆ ಕಷ್ಟ ಸ್ವಾಮಿ.”

“ಒಬ್ಳೇ ಯಾಕೆ, ನಾವೇನ್ ಸತ್ತೋಗಿದೀವಾ?” ಎಂದು ಲೂರ್ದಮ್ಮ ಒಳಗೆ ಬಂದು, ಚಾಪೆಯ ಮೇಲೆ ಕೂತು, ಒಂದು ಅಂಚನ್ನು ಮಡಿಲಿಗೆ ಎಳೆದುಕೊಂಡಳು. “ಮಡಚೋದು ಎಷ್ಟು ಅಗಲ ಹೇಳು. ಆಮೇಲೆ ಸೊಟ್ಟ ಆಯ್ತು ಅಂತ ಗೊಣಗಬ್ಯಾಡ.”

ಇನ್ನಾಸಪ್ಪನವರು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ನಾಲ್ಕಾರು ಹೆಂಗಸರು ಕೂತೆವು, ಮನೆ ಮನೆಯಿಂದ ಸೂಜಿ ಬಂತು. ತೆರೆಯನ್ನು ಹೊಲಿಯುವಾಗ ಮಾತಾಡಬಾರದು ಎಂದು ಅತ್ತೆ ಕಲಿಸಿದ್ದರು. ಅವತ್ತು ನಾವು ಬಾಯಿ ಮುಚ್ಚಲಿಲ್ಲ. ಅಂಚಿಗೆ ಮೂರು ಸಲ ಹೊಲಿಗೆ ಹಾಕಿದೆವು. ಎಮ್ಮಿಂಗು ಬಿದ್ದ ಅಂಚು ಬಿಚ್ಚಿಕೊಳ್ಳುವುದಿಲ್ಲ, ಹರಿದ ಬಟ್ಟೆಯ ಹಾಗೆ ಕಾಣುವುದೂ ಇಲ್ಲ. ಮೊದಲಿನಿಂದಲೂ ಹಾಗೇ ಇತ್ತು ಎನ್ನುವಂತೆ ಕಾಣುತ್ತದೆ.

ಭಾನುವಾರದ ಗಂಟೆಯನ್ನು ಸ್ವಾಮಿಗಳೇ ಹೊಡೆದರು. ಅಭ್ಯಾಸವಿಲ್ಲದ ಕೈ, ಗಂಟೆ ಎಡವಿ ಎಡವಿ ಕೇಳಿಸಿತು. ದೊಡ್ಡ ಬೀದಿಯ ಅರ್ಧ ಜನ ಬರಲಿಲ್ಲ, ಇನ್ನಾಸಪ್ಪನವರೂ ಬರಲಿಲ್ಲ. ಅವರ ಹೆಂಡತಿ ಮಾತ್ರ ಬಂದು ತಮ್ಮ ಬೆಂಚಿನಲ್ಲಿ ಕೂತರು. ನಮ್ಮವರು ಬಂದು ಎಂದಿನ ಹಾಗೆ ಹಿಂದೆಯೇ ಚಾಪೆ ಹಾಸಿಕೊಂಡರು. ದಾರಿ ತೆರೆದಿದ್ದರೂ ಯಾರ ಕಾಲೂ ಏಳಲಿಲ್ಲ. ಆದರೆ ಪೀಠ ಕಾಣುತ್ತಿತ್ತು. ದೀಪ ಕಾಣುತ್ತಿತ್ತು. ಸ್ವಾಮಿಗಳು ಪೂಜೆಯ ನಡುವೆ ಮೂಗು ಒರೆಸಿಕೊಳ್ಳುವುದೂ ಕಾಣುತ್ತಿತ್ತು. ಮಕ್ಕಳು ಅದಕ್ಕೇ ಕಿಸಕ್ಕನೆ ನಕ್ಕವು.

ಜ್ಞಾನಸ್ನಾನದ ಹೊತ್ತಿಗೆ ಸ್ವಾಮಿಗಳು ಚೊಂಬು ಹಿಡಿದು ಬರಲಿಲ್ಲ. ತೊಟ್ಟಿಯ ಪಕ್ಕದಲ್ಲೇ ನಿಂತು, “ಮಗುವನ್ನು ತನ್ನಿ” ಎಂದು ಕರೆದರು. ಸಗಾಯಿ ಎದ್ದಳು. ಎರಡು ಅಂಚಿನ ನಡುವೆ ಬಂದು ಒಂದು ಗಳಿಗೆ ನಿಂತು, ಬೇಲಿಯ ಕಡೆಯ ಕಿಟಕಿಯನ್ನು ನೋಡಿದಳು. ಆಮೇಲೆ ನಡೆದಳು. ನಾನು ಅವಳ ಹಿಂದೆ, ಚೌರಿ ನನ್ನ ಹಿಂದೆ. ಮಗುವಿನ ತಲೆಯ ಮೇಲೆ ತಣ್ಣೀರು ಬಿದ್ದಾಗ ಅದು ಕಿರುಚಿದ ಕಿರುಚಿಗೆ ಇನ್ನಾಸಪ್ಪನವರ ಹೆಂಡತಿ, “ಅಬ್ಬಾ, ಗಟ್ಟಿ ಗಂಟ್ಲು” ಎಂದು ನಕ್ಕುಬಿಟ್ಟರು.

ಬೇಸಿಗೆ ಕಳೆದು, ಮಳೆಗಾಲ ಕಳೆದು, ಮತ್ತೆ ತಪಸ್ಸುಕಾಲ ಬಂತು. ಆ ವರ್ಷವೆಲ್ಲ ದೊಡ್ಡ ಬೀದಿಯವರು ಒಬ್ಬೊಬ್ಬರಾಗಿ ಗುಡಿಗೆ ವಾಪಸಾದರು. ದೇವರನ್ನು ಬಿಟ್ಟು ಎಷ್ಟು ದಿನ ಮನೆಯಲ್ಲಿ ಕೂತಾರು? ಶುಕ್ರವಾರ ಇನ್ನಾಸಪ್ಪನವರೂ ಬಂದು ತಮ್ಮ ಕಂಬದ ಬಳಿ ನಿಂತರು. ಊರಿನಲ್ಲಿ ಮಡಕೆಗಳು ಇಳಿದಿದ್ದವು. ಹುಂಜ ಕೂಗಿತು. ಕತ್ತಲು ಕವಿಯಿತು. ತೆರೆಯ ಮಾತು ಬಂದಾಗ ಇಡೀ ಗುಡಿ ಉಸಿರು ಬಿಗಿಹಿಡಿದು ಆ ಶಬ್ದಕ್ಕೆ ಕಾದಿತು.

ಏನೂ ಕೇಳಿಸಲಿಲ್ಲ. ಎರಡು ಅಂಚುಗಳು ಸುಮ್ಮನೆ ತೂಗುತ್ತಿದ್ದವು. ನೆಲ ನಡುಗಿತು, ಕಲ್ಲುಕುಳಿಯ ಕಡೆ ಬಂಡೆ ಸೀಳಿದ ಸದ್ದು ಬಂತು, ಕತ್ತಲು ತಿಳಿಯಾಯಿತು. ತೆರೆ ಹರಿಯಲಿಲ್ಲ. ಹರಿಯುವುದಕ್ಕೆ ಏನೂ ಉಳಿದಿರಲಿಲ್ಲ.

ಹೊರಗೆ ಮೆಟ್ಟಿಲ ಬಳಿ ಇನ್ನಾಸಪ್ಪನವರು ನನಗಾಗಿ ಕಾಯುತ್ತಿದ್ದರು. ವರ್ಷದಲ್ಲಿ ಅವರ ಬೆನ್ನು ಸ್ವಲ್ಪ ಬಾಗಿತ್ತು. ಜೇಬಿಗೆ ಕೈ ಹಾಕಿ ಹೊಸ ನೂಲಿನ ಉಂಡೆ ತೆಗೆದರು, ಬದನೆಕಾಯಿ ಬಣ್ಣದ್ದೇ.

“ಪೇಟೆಗೆ ಹೋಗಿದ್ದೆ. ಅಭ್ಯಾಸ, ತಂದ್ಬುಟ್ಟೆ” ಎಂದರು. “ಏನ್ ಮಾಡ್ಲಿ ಮಾಲಮ್ಮ ಇದನ್ನ?”

ಸಗಾಯಿ ಮಗುವನ್ನು ಕೈ ಹಿಡಿದು ಮೆಟ್ಟಿಲು ಇಳಿಸುತ್ತಿದ್ದಳು. ಮಗು ಒಂದೊಂದು ಮೆಟ್ಟಿಲಿಗೂ ಕೂತು ಕೂತು ಇಳಿಯುತ್ತಿತ್ತು. ಅದರ ಅಂಗಿಯ ಹಿಂಭಾಗವೆಲ್ಲ ಸವೆದು ದಾರ ನೇತಾಡುತ್ತಿತ್ತು.

“ಇತ್ಲಾಗೆ ಕೊಡಿ ಇನ್ನಾಸಪ್ಪನೋರೆ” ಎಂದೆ. “ಹರಿದದ್ದು ನಮ್ಮನೇಲಿ ಬೇಕಾದಷ್ಟು ಅದೆ.”